ಮುತ್ಯಾನ ಟೇಬಲ್ಲಿಗೆ ಬಿಳಿ ಬಣ್ಣ ಹಚ್ಚಬಹುದೇ?

*ಗಂಜಿನ್ಯಾಗ ನಮ್ಮ ಮುತ್ಯಾಂದು ತೊಗರಿ ಅಡತಿ ಅಂಗಡಿ ಇತ್ತು. ಅವರು ಲೆಕ್ಕ ಬರೀತಿದ್ದ ಸಾಗವಾನಿ ಟೇಬಲ್ ಈಗ ನಮ್ಮನ್ಯಾಗ ಅದ. ಪಾಲಿಶ್ ಕಪ್ಪಾಗ್ಯಾದ. ಅಂಚಿಗೆ ಬಣ್ಣ ಸವೆದು ಕಟ್ಟಿಗಿ ಕಾಣೋ ಬಿಳಿ ಟೇಬಲ್ ವಿಡಿಯೋದಾಗ ನೋಡೀನಿ, ಹಂಗ ಮಾಡೋ ಆಸೆ. ಬಡಿಗ್ಯಾರು ಸನ್‌ಮೈಕಾ ಅಂಟಿಸ್ರಿ ಅಂತಾರ. ಏನ್ ಮಾಡ್ಲಿ?*
– ಓದುಗರೊಬ್ಬರು, ಕಲಬುರಗಿ

ಸನ್‌ಮೈಕಾ ಬ್ಯಾಡ್ರಿ. ಮುಂದೆ ಮನಸ್ಸು ಬದಲಾದರೆ ಅದರ ಅಂಟು ಬಿಡಿಸಲು ಕಟ್ಟಿಗೆಯನ್ನೇ ಕೆರೆಯಬೇಕಾಗುತ್ತದೆ. ಬಣ್ಣಕ್ಕೆ ಅಷ್ಟು ಹಟವಿಲ್ಲ.

ಬ್ರಷ್ ಹಿಡಿಯುವ ಮೊದಲು ಒಂದು ಕೆಲಸ ಮಾಡಿ. ಟೇಬಲ್ಲಿನ ಕಾಣದ ಮೂಲೆಯೊಂದನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒಂದು ನಿಮಿಷ ಉಜ್ಜಿ. ಹತ್ತಿ ಕಂದಾಗಿ, ಜಾಗ ಅಂಟಂಟಾದರೆ ಅದು ಅರಗಿನ ಪಾಲಿಶ್. ಹಾಗಿದ್ದರೆ ಕಪ್ಪಾಗಿರುವುದು ಹೆಚ್ಚಾಗಿ ಕಟ್ಟಿಗೆಯಲ್ಲ, ಪಾಲಿಶ್‌ನಲ್ಲಿ ಸೇರಿಕೊಂಡ ಕೈಜಿಡ್ಡು ಮತ್ತು ದೂಳು. ಸ್ಪಿರಿಟ್‌ನಿಂದಲೇ ತೊಳೆದುಹೋಗುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಒಂದು ಗೇಣು ಜಾಗ ತೊಳೆದು ನೋಡಿ. ಒಳಗಿನ ಸಾಗವಾನಿ ಕಂಡ ಮೇಲೂ ಬಿಳಿಯೇ ಬೇಕೆನಿಸಿದರೆ ಹಚ್ಚಿ. ನನ್ನ ಮಾತು ಕೇಳುವುದಾದರೆ ಮೇಲ್ಹಲಗೆಯನ್ನು ಕಟ್ಟಿಗೆಯಾಗಿಯೇ ಬಿಟ್ಟು, ಕಾಲಿಗೂ ಚೌಕಟ್ಟಿಗೂ ಮಾತ್ರ ಬಣ್ಣ ಕೊಡಿ.

ಹತ್ತಿಗೆ ಏನೂ ಹತ್ತದೆ, ಅಲ್ಲಿರುವುದು ಹಳೆಯ ಆಯಿಲ್ ಪೇಂಟ್ ಆಗಿದ್ದರೆ ಎಚ್ಚರ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣವನ್ನು ಒಣಗಿದಂತೆಯೇ ತಿಕ್ಕಿ ಪುಡಿ ಎಬ್ಬಿಸಬೇಡಿ. ನೀರು ಹಚ್ಚಿ, ವಾಟರ್ ಪೇಪರ್‌ನಿಂದ ತಿಕ್ಕಿ. ಒಳ್ಳೆಯ ಮಾಸ್ಕ್ ಇರಲಿ, ಮಕ್ಕಳು ದೂರವಿರಲಿ.

ತೊಳೆದು ಒಣಗಿದ ಮೇಲೆ 120 ನಂಬರಿನ ಪಾಲಿಶ್ ಪೇಪರ್, ಆಮೇಲೆ 220. ಕಟ್ಟಿಗೆಯ ಎಳೆ ಹೋದತ್ತಲೇ ತಿಕ್ಕಬೇಕು. ಅಡ್ಡ ತಿಕ್ಕಿದ ಗೀರು ಬಣ್ಣದಡಿಯಿಂದಲೂ ಎದ್ದು ಕಾಣುತ್ತದೆ. ಎನಾಮೆಲ್ ಬೇಡ. ಅದು ಪೂರ್ತಿ ಗಟ್ಟಿಯಾಗಲು ದಿನಗಟ್ಟಲೆ ಬೇಕು, ಅವಸರಕ್ಕೆ ತಿಕ್ಕಿದರೆ ರಬ್ಬರಿನಂತೆ ಸುರುಳಿ ಸುತ್ತಿ ಏಳುತ್ತದೆ. ಹೊಳಪಿಲ್ಲದ, ನೀರು ಬೆರೆಸುವ ಬಣ್ಣವಾದರೆ ಪುಡಿಯಾಗಿ ಉದುರುತ್ತದೆ. ಈ ಕೆಲಸಕ್ಕೆ ಬೇಕಾದದ್ದು ಅದೇ.

ಇನ್ನು ಸವೆಸುವ ವಿಷಯ. ಕೆಟ್ಟ ಕೆಲಸ ಗೊತ್ತಾಗುವುದೇ ಇಲ್ಲಿ: ನಾಲ್ಕೂ ಅಂಚು ಒಂದೇ ಅಳತೆಯಲ್ಲಿ, ಹಲ್ಲುಜ್ಜಿದ ಹಾಗೆ ತಿಕ್ಕಿರುತ್ತಾರೆ. ನಿಮ್ಮ ಮುತ್ಯಾ ಆ ಟೇಬಲ್ಲಿಗೆ ಹೇಗೆ ಕೂತಿರುತ್ತಿದ್ದರೆಂದು ನೆನೆಸಿಕೊಳ್ಳಿ. ಮುಂಗೈ ಊರುತ್ತಿದ್ದ ಎದುರಿನ ಅಂಚು, ದಿನಕ್ಕೆ ಹತ್ತು ಸಲ ಎಳೆಯುತ್ತಿದ್ದ ಡ್ರಾಯರಿನ ಹಿಡಿಯ ಸುತ್ತ, ಪಾದ ಇಡುತ್ತಿದ್ದ ಅಡ್ಡಪಟ್ಟಿ, ಫರ್ಸಿ ಒರೆಸುವಾಗ ಒದ್ದೆ ಅರಿವೆ ತಾಗುತ್ತಿದ್ದ ಕಾಲಿನ ಬುಡ. ಅಲ್ಲಿ ಮಾತ್ರ ಬಣ್ಣ ಹೋಗಲಿ. ಗೋಡೆಗೆ ಆನಿಸಿದ ಹಿಂಬದಿ ಸವೆಯಲು ಕಾರಣವೇ ಇಲ್ಲ. ಸವೆಯಬೇಕಾದ ಜಾಗಕ್ಕೆ ಬಣ್ಣದ ಮೊದಲು ಮೇಣದಬತ್ತಿ ಉಜ್ಜಿ. ಮೇಣದ ಮೇಲೆ ಬಣ್ಣ ಹಿಡಿಯುವುದಿಲ್ಲ, ಒಣಗಿದ ಮೇಲೆ 220ರಿಂದ ಹಗುರವಾಗಿ ಆಡಿಸಿದರೆ ತಾನೇ ಬಿಡುತ್ತದೆ. ಸರಪಳಿಯಿಂದ ಬಾರಿಸಿ ಗುಂಡಿ ಬೀಳಿಸುವುದನ್ನೂ ವಿಡಿಯೋದಲ್ಲಿ ನೋಡಿರಬಹುದು. ಅಡತಿ ಅಂಗಡಿಯ ಟೇಬಲ್ ತಿನ್ನಬೇಕಾದ ಪೆಟ್ಟು ತಿಂದೇ ಬಂದಿದೆ, ಹೊಸದಾಗಿ ಹೊಡೆಯಬೇಡಿ.

ಬೇಸಿಗೆಯಲ್ಲಾದರೆ ಬೆಳಗಿನ ಒಂಬತ್ತರೊಳಗೆ, ನೆರಳಲ್ಲಿ ಹಚ್ಚಿ ಮುಗಿಸಿ. ನಮ್ಮ ನಲವತ್ತು ದಾಟಿದ ಬಿಸಿಲಿಗೆ ಬಣ್ಣ ಬ್ರಷ್‌ನಲ್ಲೇ ಒಣಗಿ ಗೆರೆ ಗೆರೆಯಾಗುತ್ತದೆ. ಕೊನೆಗೆ ಹೊಳಪಿಲ್ಲದ, ನೀರಿನ ಮೂಲದ ಪಿಯು, ಅಂದರೆ ಪಾಲಿಯುರೆಥೇನ್ ವಾರ್ನಿಷ್, ಎರಡು ಕೈ. ಎಣ್ಣೆ ಮೂಲದ್ದು ಹಚ್ಚಿದರೆ ಬಿಳಿ ಬಣ್ಣ ದಿನ ಕಳೆದಂತೆ ಹಳದಿಯಾಗುತ್ತದೆ.

*ಜಾಲಿ ಕಟ್ಟಿಗೆಯ ಟೇಬಲ್ಲಿಗೆ ಬಿಳಿ ಬಣ್ಣ ಹಚ್ಚಿದೆ. ಎರಡೇ ದಿನಕ್ಕೆ ಚಹಾ ಚೆಲ್ಲಿದಂಥ ಕಲೆ ಬಂತು. ಇನ್ನೆರಡು ಕೈ ಹಚ್ಚಿದರೂ ಹೋಗಲಿಲ್ಲ.*
– ಓದುಗರೊಬ್ಬರು, ಬೀದರ್

ಹತ್ತು ಕೈ ಹಚ್ಚಿದರೂ ಹೋಗದು. ಅದು ಕಟ್ಟಿಗೆಯ ಒಗರು, ಟ್ಯಾನಿನ್. ಜಾಲಿ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದುದು ಇದೇ ಒಗರಿಗಾಗಿ. ನೀರಿನ ಬಣ್ಣದ ತೇವಕ್ಕೆ ಕರಗಿ ಮೇಲೇರುತ್ತದೆ, ಪ್ರತಿ ಕೈಗೂ ಮತ್ತಷ್ಟು. ಕಲೆಯಾದ ಬಣ್ಣವನ್ನು ಹಗುರವಾಗಿ ತಿಕ್ಕಿ, ಚಪಡಾ ಅಂದರೆ ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ತೆಳುವಾಗಿ ಎರಡು ಕೈ ಕೊಡಿ. ಲೀಟರಿಗೆ ಸುಮಾರು 150 ಗ್ರಾಂ ಸಾಕು. ಮೇಣ ತೆಗೆದ ಚಪಡಾ ಸಿಕ್ಕರೆ ಮೇಲು, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಮಳೆ ಹಿಡಿದ ದಿನ ಮಾತ್ರ ಹಚ್ಚಬೇಡಿ, ಹಸಿ ಗಾಳಿಗೆ ಅರಗು ಬೆಳ್ಳಗೆ ಮಂಕಾಗುತ್ತದೆ.

*ಟೇಬಲ್ಲಿನ ತುಂಬಾ ಸೂಜಿ ತೂತು. ಬಣ್ಣ ಹಚ್ಚಿ ಮುಚ್ಚಿಬಿಡಲೇ?*
– ಓದುಗರೊಬ್ಬರು, ಯಾದಗಿರಿ

ಮೊದಲು ಒರೆಸಿ, ಅಡಿಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಡಿ. ಹಿಟ್ಟಿನಂಥ ಪುಡಿ ಮತ್ತೆ ಬಿದ್ದರೆ ಹುಳ ಒಳಗಿದೆ, ಈಗಲೇ ಮುಚ್ಚಬೇಡಿ. ಹಳೆಯ ಪಾಲಿಶ್ ತೆಗೆದು, ಬಿಸಿನೀರಿನಲ್ಲಿ ಕರಗಿಸಿದ ಬೋರಾಕ್ಸನ್ನು ಬರೀ ಕಟ್ಟಿಗೆಗೆ ಎರಡು ಮೂರು ಸಲ ಕುಡಿಸಿ, ಪೂರ್ತಿ ಒಣಗಿಸಿ. ಪುಡಿ ನಿಂತ ಮೇಲೆಯೇ ಬಣ್ಣ. ಟೇಬಲ್ಲಿನ ತಳಭಾಗಕ್ಕೂ ಒಂದು ಕೈ ಹಚ್ಚುವುದನ್ನು ಮರೆಯಬೇಡಿ. ಈ ಹುಳ ಮೊಟ್ಟೆ ಇಡುವುದು ಬಣ್ಣ ಕಾಣದ ಬರೀ ಕಟ್ಟಿಗೆಯ ರಂಧ್ರದಲ್ಲಿ.