ಮಂಡಿಗೆ ‘ಜೆಲ್’ ಇಂಜೆಕ್ಷನ್

ಪ್ರಶ್ನೆ: ಅಮ್ಮನಿಗೆ 64 ವರ್ಷ, ಮಂಡಿ ಸವೆದಿದೆ. ಡಾಕ್ಟರು ಹೈಅಲುರಾನಿಕ್ ಆಸಿಡ್ ಚುಚ್ಚಿಸಿ ಎಂದಿದ್ದಾರೆ. ಕುದುರೆಗೂ ಅದನ್ನೇ ಕೊಡುತ್ತಾರಂತೆ?

ಉತ್ತರ: ಹೌದು, ರೇಸ್ ಕುದುರೆಗಳ ಕೀಲಿಗೂ ಇದೇ ವಸ್ತು, ಆದರೆ ಆ ಸೀಸೆ ಮನುಷ್ಯರಿಗಲ್ಲ. ಕೀಲಿನ ಲೋಳೆಯಂಥ ದ್ರವದಲ್ಲಿ ಇದು ಸಹಜವಾಗಿಯೇ ಇರುತ್ತದೆ, ಸವೆದ ಮಂಡಿಯಲ್ಲಿ ತೆಳುವಾಗುತ್ತದೆ. ಸಾಮಾನ್ಯವಾಗಿ ವಾರಕ್ಕೊಮ್ಮೆ 2 ಮಿ.ಲೀ., 3ರಿಂದ 5 ವಾರ; 6 ಮಿ.ಲೀ.ಯ ಒಂದೇ ಡೋಸ್ ಕೂಡ ಇದೆ. ಮಂಡಿಯಲ್ಲಿ ನೀರು ತುಂಬಿದ್ದರೆ ಮೊದಲು ಅದನ್ನು ಸೂಜಿಯಲ್ಲಿ ತೆಗೆಯಬೇಕು. ಚರ್ಮ ಒರೆಸಲು ಬೆಂಜಾಲ್ಕೋನಿಯಂ ಎಂಬ ಸೋಂಕುನಾಶಕದ ದ್ರಾವಣ ಬೇಡ, ತಾಗಿದರೆ ಔಷಧಿ ಗರಣೆಗಟ್ಟುತ್ತದೆ. ಕೆಲವು ಬ್ರ್ಯಾಂಡ್ ಹುಂಜದ ಜುಟ್ಟಿನಿಂದ ಬಂದದ್ದು. ಕೋಳಿ, ಮೊಟ್ಟೆ ಅಲರ್ಜಿಯಿದ್ದರೆ ಮೊದಲೇ ಹೇಳಿ. ಚುಚ್ಚಿಸಿಕೊಂಡ ಮೇಲೆ ಎರಡು ದಿನ ಭಾರ ಎತ್ತುವುದು ಬೇಡ. ಮಂಡಿ ಊದಿ, ಕೆಂಪೇರಿ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸವೆದ ಮೃದ್ವಸ್ಥಿ ಮತ್ತೆ ಬೆಳೆಯದು. ನೋವು ಕೆಲ ತಿಂಗಳು ತಗ್ಗಬಹುದು, ಕೆಲವರಿಗೆ ಅದೂ ಇಲ್ಲ.