ಸಮುದ್ರದ ಟ್ಯಾಂಕ್ ಶಿಫ್ಟ್ ಮಾಡೋದಾದ್ರೆ ಮರಳನ್ನು ಹಳೇ ಮನೆಯಲ್ಲೇ ಬಿಟ್ಟು ಬನ್ನಿ

ಸರ್, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಮುಂದಿನ ಭಾನುವಾರ ಬಸವನಗುಡಿಯಿಂದ ಕನಕಪುರ ರಸ್ತೆಯ ಹೊಸ ಫ್ಲ್ಯಾಟಿಗೆ ಮನೆ ಬದಲಿಸ್ತಿದ್ದೀರಿ, ಜೊತೆಗೆ ಟ್ಯಾಂಕನ್ನೂ ಒಯ್ಯಬೇಕು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ರೀಫ್ ಟ್ಯಾಂಕ್, ಅಂದರೆ ಹವಳ, ಸಮುದ್ರದ ಮೀನು ಸಾಕುವ ಅಕ್ವೇರಿಯಂ. ಒಂದು ಜೋಡಿ ಕ್ಲೌನ್ ಮೀನು, ಒಂದು ರಾಯಲ್ ಗ್ರಾಮಾ ಮೀನು, ಒಂದು ಅನಿಮೋನಿ (ಹೂವಿನಂತೆ ಕಾಣುವ ಪ್ರಾಣಿ), ಹ್ಯಾಮರ್ ಕೋರಲ್ (ಒಂದು ಬಗೆಯ ಹವಳ), ಒಂದಷ್ಟು ಜೋವಾ (ಕಲ್ಲಿನ ಮೇಲೆ ಗುಂಪಾಗಿ ಬೆಳೆಯುವ ಹವಳದಂಥ ಜೀವಿ). ಪ್ಯಾಕರ್ಸ್‌ನವರು "ನೀರು ಮಾತ್ರ ತೆಗೀರಿ ಸಾರ್, ಮರಳು ಇರ್ಲಿ, ಹಾಗೇ ಎತ್ಕೊಂಡು ಹೋಗ್ತೀವಿ" ಅಂದಿದ್ದಾರೆ. ಬೇರೆ ಯಾವುದಕ್ಕೆ ಒಪ್ಪಿದರೂ ಇದಕ್ಕೆ ಒಪ್ಪಬೇಡಿ.

ಮರಳಿನ ಭಾರ ಇಟ್ಟುಕೊಂಡು ಎತ್ತಿದರೆ ಗಾಜಿನ ಸಿಲಿಕೋನ್ ಜಾಯಿಂಟ್ ಮೇಲೆ ಎಳೆತ ಬೀಳುತ್ತದೆ. ಆವತ್ತೇ ಸೋರದೇ ಇರಬಹುದು, ತಿಂಗಳಾದ ಮೇಲೆ ರಾತ್ರೋರಾತ್ರಿ ಹಾಲ್ ತುಂಬ ಉಪ್ಪುನೀರು. ಆದರೆ ನನಗೆ ಅದಕ್ಕಿಂತ ಜಾಸ್ತಿ ಭಯ ಮರಳಿನದೇ. ಮೀನಿನ ಗಲೀಜು, ತಿನ್ನದೆ ಉಳಿದ ಆಹಾರ ಎಲ್ಲ ಇಳಿದು ಅದರ ತಳದಲ್ಲಿ ಕೂತಿರುತ್ತದೆ. ದಪ್ಪ ಪದರ ಇದ್ದರೆ ಕೆಳಗೆ ಆಮ್ಲಜನಕವೂ ಹೋಗಲ್ಲ. ಅಲ್ಲಾಡದೆ ಇರುವವರೆಗೆ ತೊಂದರೆ ಇಲ್ಲ. ಕದಡಿದಿರೋ, ಅಮೋನಿಯಾ, ಹೈಡ್ರೋಜನ್ ಸಲ್ಫೈಡ್‌ನಂಥ ವಿಷಗಳೆಲ್ಲ ಒಟ್ಟಿಗೆ ಮೇಲೆ ಬರುತ್ತವೆ.

ನಾನು ಮೊದಲ ಸಲ ಮನೆ ಬದಲಿಸಿದಾಗ ಇದೇ ತಪ್ಪು ಮಾಡಿದೆ. ಹೊಸ ಮರಳಿಗೆ ಯಾಕೆ ಸುಮ್ನೆ ದುಡ್ಡು ಅಂತ ಹಳೇದನ್ನೇ ಬಕೆಟ್‌ಗೆ ತುಂಬಿಕೊಂಡು ಹೋದೆ. ಕೆಳಗಿನ ಪದರ ಕಪ್ಪಗಿತ್ತು, ಕೊಳೆತ ಮೊಟ್ಟೆ ವಾಸನೆ. ಹೊಸ ಮನೆಯಲ್ಲಿ ಅದನ್ನೇ ಸುರಿದು ನೀರು ತುಂಬಿ, ರಾತ್ರಿ ಹನ್ನೊಂದಕ್ಕೆ ಮೀನು ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ನೀರು ಗಂಜಿಯ ಹಾಗೆ. ಒಂದು ಕ್ಲೌನ್ ಮೇಲೆ ಬಂದು ಬಾಯಿ ಬಡಿಯುತ್ತಿತ್ತು, ಇನ್ನೊಂದು ಪಂಪಿನ ಪಕ್ಕ ಅಡ್ಡಬಿದ್ದಿತ್ತು. ಟೆಸ್ಟ್ ಕಿಟ್‌ನ ನೀರು ಕಡು ಹಸಿರು, ಅಂದರೆ ಅಮೋನಿಯಾ ವಿಪರೀತ. ಹಾಗಾಗಿ ಹಳೇ ಮರಳು ಎಸೆದುಬಿಡಿ. ಹೊಸ ಅರಗೊನೈಟ್ ಮರಳು (ಸಮುದ್ರದ ಟ್ಯಾಂಕಿಗೆ ಬಳಸುವ ಸುಣ್ಣದ ಮರಳು) ತಂದು, ತಿಳಿ ನೀರು ಬರುವವರೆಗೆ ತೊಳೆದು ತೆಳುವಾಗಿ ಹಾಕಿ. ಒಂದು ಇಂಚು ಸಾಕು.

"ಮರಳಿನಲ್ಲಿರುವ ಒಳ್ಳೇ ಬ್ಯಾಕ್ಟೀರಿಯಾ ಹೋಗುತ್ತಲ್ಲ" ಅಂತ ಮೇಲೆ ಒಬ್ಬರು ಕೇಳಿದ್ದಾರೆ. ಸ್ವಲ್ಪ ಹೋಗುತ್ತದೆ, ನಿಜ. ಆದರೆ ನಿಮ್ಮ ಟ್ಯಾಂಕನ್ನು ನಡೆಸುತ್ತಿರುವುದು ಲೈವ್ ರಾಕ್, ಅಂದರೆ ಆ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುವ ಕಲ್ಲು. ಅದು ಒಣಗದಂತೆ ನೋಡಿಕೊಂಡರೆ ಮುಕ್ಕಾಲು ಕೆಲಸ ಆದಂತೆ. ಕಲ್ಲನ್ನು ಟ್ಯಾಂಕಿನ ನೀರಿನಲ್ಲೇ ಮುಳುಗಿಸಿ ಒಯ್ಯಿರಿ. ಮೈಗೆ ಸ್ಪಾಂಜ್ (ಅದೂ ಒಂದು ಸಮುದ್ರಜೀವಿ) ಅಂಟಿಕೊಂಡಿರುವ ಕಲ್ಲನ್ನಂತೂ ಗಾಳಿಗೆ ತೆಗೆಯಲೇಬೇಡಿ, ಸ್ಪಾಂಜ್ ಸತ್ತು ಕೊಳೆತರೆ ಮತ್ತೆ ಅಮೋನಿಯಾ.

ಇನ್ನು ನೀರು. ನಿಮ್ಮ ಟ್ಯಾಂಕ್ ಅಂಚಿನವರೆಗೆ ತುಂಬಿದರೆ ಸುಮಾರು 190 ಲೀಟರ್. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ ನಿಜವಾಗಿ 150-160 ಇರಬಹುದು. ಹಳೇ ನೀರು 100 ಲೀಟರ್ ಒಯ್ಯಿರಿ, 20 ಲೀಟರಿನ ಐದು ಕ್ಯಾನ್. ಹಳೇ ನೀರಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚೇನೂ ಇರಲ್ಲ. ಅದನ್ನು ಒಯ್ಯುವುದು ಕೋರಲ್‌ಗಳಿಗೆ ನೀರು ಒಮ್ಮೆಗೇ ಬದಲಾಗದಿರಲಿ ಅಂತ, ಅಷ್ಟೇ. ಇನ್ನೊಂದು 80 ಲೀಟರ್ ಹೊಸ ಉಪ್ಪುನೀರು ಶುಕ್ರವಾರವೇ ಹೊಸ ಮನೆಯಲ್ಲಿ ಕಲಸಿಡಿ. ಲೀಟರಿಗೆ 36-38 ಗ್ರಾಂ ಲೆಕ್ಕದಲ್ಲಿ ಸುಮಾರು 3 ಕೆ.ಜಿ. ಮರೀನ್ ಸಾಲ್ಟ್ (ಅಡುಗೆ ಉಪ್ಪಲ್ಲ) ಬೇಕು. ಒಂದು ಪಂಪು, ಒಂದು ಹೀಟರ್ ಹಾಕಿ ತಿರುಗಲು ಬಿಡಿ. ಸ್ಯಾಲಿನಿಟಿ (ಉಪ್ಪಿನಂಶ) ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ 1.025, ಉಷ್ಣತೆ 25-26 ಡಿಗ್ರಿ. ಆಲ್ಕಲಿನಿಟಿಯೂ (ಕ್ಷಾರೀಯತೆ) ಹಳೇ ಟ್ಯಾಂಕಿಗೆ ಹೊಂದುತ್ತಾ ನೋಡಿ. ಅಡುಗೆಮನೆಯ ಆರ್‌ಒ ಫಿಲ್ಟರ್ ನೀರನ್ನು ಟಿಡಿಎಸ್ (ಕರಗಿರುವ ಲವಣ, ಖನಿಜ) ಮೀಟರ್ ಇಡದೆ ಬಳಸಬೇಡಿ. ಕುಡಿಯೋಕೆ ರುಚಿ ಇರಲಿ ಅಂತ ಎಷ್ಟೋ ಮೆಷಿನ್‌ಗಳು ಖನಿಜ ಸೇರಿಸುತ್ತವೆ. ನಮಗೆ ಬೇಕಿರುವುದು ಡಿಐ (ಉಳಿದ ಲವಣವನ್ನೂ ತೆಗೆಯುವ ಫಿಲ್ಟರ್) ದಾಟಿದ ಸೊನ್ನೆ ಟಿಡಿಎಸ್ ನೀರು.

ಮಲ್ಪೆಯಿಂದ ಸಮುದ್ರದ ನೀರೇ ತರಿಸಿ ಅಂದವರಿಗೆ ನಮಸ್ಕಾರ. ನದಿ ಬಂದು ಸೇರುವ ಕಡೆಯ ದಡದ ನೀರು ಸರ್ ಅದು. ಮಳೆಗಾಲದಲ್ಲಿ ಉಪ್ಪಿನಂಶ ಇಳಿದಿರುತ್ತದೆ, ಜೊತೆಗೆ ದೋಣಿಗಳ ಡೀಸೆಲ್ಲು.

ಹೊಸ ಮನೆಗೆ ಪೆಸ್ಟ್ ಕಂಟ್ರೋಲ್ ಮಾಡಿಸಿದ್ದೀರಾ? ಪೇಂಟ್ ವಾಸನೆ ಇದೆಯಾ? ಇದನ್ನು ಯಾರೂ ಕೇಳಲ್ಲ. ಕೀಟನಾಶಕದ ಪೈರೆಥ್ರಾಯ್ಡ್ ಸೀಗಡಿಗಳಿಗೆ, ಮೀನಿಗೆ ಎರಡಕ್ಕೂ ವಿಷ. ಸ್ಕಿಮ್ಮರ್ (ನೊರೆ ಎಬ್ಬಿಸಿ ಗಲೀಜು ತೆಗೆಯುವ ಯಂತ್ರ), ಏರ್ ಪಂಪ್ ಎರಡೂ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುತ್ತವೆ. ಗೃಹಪ್ರವೇಶದ ಹೋಮವೂ ಅದೇ ಭಾನುವಾರ ಇದ್ದರೆ ದಯವಿಟ್ಟು ಟ್ಯಾಂಕನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಹೊಗೆಯ ಮಾತು ಬಿಡಿ, ನೆಂಟರ ನಡುವೆ ಬಕೆಟ್ ಹಿಡಿದು ಓಡಾಡೋಕೆ ಆಗಲ್ಲ ಅಲ್ವಾ.

ಶನಿವಾರ ಮೀನಿಗೆ ಊಟ ಹಾಕಬೇಡಿ. ಭಾನುವಾರ ಬೆಳಿಗ್ಗೆ ಮೊದಲು ಹೀಟರ್ ಆಫ್ ಮಾಡಿ, ಇಪ್ಪತ್ತು ನಿಮಿಷ ಬಿಟ್ಟು ನೀರು ಇಳಿಸಿ. ಬಿಸಿ ಹೀಟರ್ ಗಾಳಿಗೆ ಬಂದರೆ ಗಾಜು ಚಟ್ ಅನ್ನುತ್ತದೆ. ಏನೂ ಕದಡುವ ಮೊದಲೇ ಮೇಲಿನ ತಿಳಿ ನೀರನ್ನು ಕ್ಯಾನ್‌ಗಳಿಗೆ ತುಂಬಿಕೊಳ್ಳಿ. ಆಮೇಲೆ ಕೋರಲ್, ಆಮೇಲೆ ಕಲ್ಲು. ಮೀನು ಕೊನೆಗೆ. ಕಲ್ಲು ಇರುವಾಗ ಗ್ರಾಮಾ ಹಿಡಿಯೋಕೆ ಹೋದರೆ ಮಧ್ಯಾಹ್ನ ಆಗುತ್ತದೆ. ಕಲ್ಲು ಎತ್ತುವಾಗ ತೂತುಗಳನ್ನು ನೋಡಿ, ಅದು ಅಲ್ಲೇ ಸೇರಿಕೊಂಡಿರಬಹುದು. ತಳದ ರಾಡಿ ನೀರನ್ನು ಚರಂಡಿಗೆ ಬಿಡಿ.

ಅನಿಮೋನಿಯನ್ನು ಕಲ್ಲಿನಿಂದ ಕೀಳಬೇಡಿ, ಪಾದ ಹರಿದರೆ ಉಳಿಯುವುದು ಕಷ್ಟ. ಕಲ್ಲಿನ ಸಮೇತ ಬೇರೆ ಬಕೆಟ್‌ನಲ್ಲಿ ಇಡಿ. ಹ್ಯಾಮರ್‌ಗೂ ಬೇರೆ ಡಬ್ಬ, ಪಕ್ಕದವರನ್ನು ಕುಟುಕುತ್ತದೆ. ಜೋವಾ ಮುಟ್ಟುವಾಗ ಗ್ಲೌಸ್, ಕನ್ನಡಕ ಹಾಕಿ. ಕೆಲವು ಬಗೆಯಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಕಡುವಿಷ ಇರುತ್ತದೆ, ಅದು ತಮಾಷೆ ಅಲ್ಲ. ಆ ಕಲ್ಲಿಗೆ ಬಿಸಿನೀರು ಹಾಕಿ ಉಜ್ಜುವ ಯೋಚನೆ ಯಾವತ್ತೂ ಬೇಡ.

ಮೀನು, ಕೋರಲ್ ಬಕೆಟ್‌ಗಳು ನಿಮ್ಮ ಕಾರಿನಲ್ಲೇ ಬರಲಿ, ಎಸಿ ಹದವಾಗಿ ಹಾಕಿ. ಮುಚ್ಚಳ ಇರಲಿ, ಬ್ಯಾಟರಿ ಏರ್ ಪಂಪ್ ಇರಲಿ. ಬಕೆಟ್‌ಗಳೆಲ್ಲ ಹೊಸವು, ಸೋಪು ಕಾಣದವು. ಖಾಲಿ ಟ್ಯಾಂಕ್, ಸ್ಟ್ಯಾಂಡ್ ಮಾತ್ರ ಪ್ಯಾಕರ್ಸ್‌ಗೆ ಕೊಡಿ, ಗಾಜನ್ನು ಅಂಚು ಹಿಡಿದು ಎತ್ತದೆ ತಳಕ್ಕೆ ಕೈ ಕೊಟ್ಟು ಎತ್ತಲು ಹೇಳಿ. ಅಲ್ಲಿ ರಸಮಟ್ಟ ಇಟ್ಟು ಸ್ಟ್ಯಾಂಡ್ ಸರಿಮಾಡಿಕೊಳ್ಳಿ. ತುಂಬಿದ ಮೇಲೆ ಕಾಲು ಟನ್ ತೂಕ, ಆಮೇಲೆ ಒಂದಿಂಚೂ ಸರಿಸೋಕೆ ಆಗಲ್ಲ. ಮೊದಲು ಕಲ್ಲು ತಳದ ಗಾಜಿನ ಮೇಲೆ, ಸುತ್ತ ಮರಳು, ನಂತರ ಒಂದು ತಟ್ಟೆಯ ಮೇಲೆ ಬೀಳುವಂತೆ ನಿಧಾನವಾಗಿ ನೀರು. ಉಷ್ಣತೆ, ಸ್ಯಾಲಿನಿಟಿ ಸರಿ ಇದ್ದರೆ ಕೋರಲ್, ಕೊನೆಗೆ ಮೀನು. ಅನಿಮೋನಿ ಒಂದೆರಡು ವಾರ ಜಾಗ ಹುಡುಕಿಕೊಂಡು ಓಡಾಡಬಹುದು. ಅದು ಒಳಗೆ ಸೆಳೆದುಹೋಗದಂತೆ ಪಂಪಿನ ಬಾಯಿಗೆಲ್ಲ ಫೋಮ್ ಸ್ಪಂಜು ಕಟ್ಟಿ.

ಒಂದು ವಾರ ದಿನಾ ಅಮೋನಿಯಾ ಟೆಸ್ಟ್ ಮಾಡಿ. ಬಣ್ಣ ಸ್ವಲ್ಪ ಕಂಡರೂ ನೀರು ಬದಲಿಸಿ, ಅದಕ್ಕಂತಲೇ 40 ಲೀಟರ್ ಉಪ್ಪುನೀರು ಕಲಸಿಟ್ಟಿರಿ. ಊಟ ಅರ್ಧ, ಲೈಟು ನಾಲ್ಕೈದು ಗಂಟೆ. ಹ್ಯಾಮರ್ ಎರಡು ಮೂರು ದಿನ ಮುದುಡಿಕೊಂಡೇ ಇರಬಹುದು, ಗಾಬರಿಯಾಗಿ ಜಾಗ ಬದಲಿಸುತ್ತಾ ಕೂರಬೇಡಿ.

ಪ್ಯಾಕರ್ಸ್‌ಗೆ ಮಾತ್ರ ಇವತ್ತೇ ಫೋನ್ ಮಾಡಿ, ಟ್ಯಾಂಕ್ ಪೂರ್ತಿ ಖಾಲಿ ಇರುತ್ತೆ ಅಂತ ಹೇಳಿಬಿಡಿ. ಹೊಸ ಮನೆಯ ಲಿಫ್ಟಿನ ಅಳತೆಯನ್ನೂ ತೆಗೆದುಕೊಂಡು ಇಲ್ಲೇ ಹಾಕಿ, ಮೂರಡಿ ಗಾಜು ಒಳಗೆ ಹಿಡಿಯುತ್ತಾ ನೋಡೋಣ.