ಫ್ಲಿಯಾ: ಪದರ ಏಕೆ ಮುದ್ದೆಯಾಗುತ್ತದೆ?

ಪ್ರಶ್ನೆ: ಅಲ್ಬೇನಿಯಾದ ಪದರದ ತಿಂಡಿ ಫ್ಲಿಯಾ ಮಾಡಲು ಬೆಣ್ಣೆದೋಸೆ ಹಿಟ್ಟನ್ನೇ ದಪ್ಪ ತಳದ ಪಾತ್ರೆಯಲ್ಲಿ ಪದರ ಪದರವಾಗಿ ಹೊಯ್ದು, ನಡುವೆ ಬೆಣ್ಣೆ ಸವರಿದೆ. ಬುಡ ಸೀದಿತು, ಒಳಗೆ ಹಸಿ ಮುದ್ದೆ. ತಪ್ಪೆಲ್ಲಿ?
– ಓದುಗರು, ದಾವಣಗೆರೆ

ಉತ್ತರ: ದೋಸೆ ಕೆಳಗಿನ ಶಾಖಕ್ಕೆ ಬೇಯುತ್ತದೆ, ಫ್ಲಿಯಾ ಮೇಲಿನ ಶಾಖಕ್ಕೆ. ಉತ್ತರ ಅಲ್ಬೇನಿಯಾ, ಕೊಸೊವೊ ಕಡೆ ‘ಸಾಚ್’ ಎಂಬ ಗುಮ್ಮಟದಂಥ ಲೋಹದ ಮುಚ್ಚಳ ಕಾಯಿಸಿ, ಮೇಲೆ ಕೆಂಡ, ಬೂದಿ ಹರಡಿ, ಹಿಟ್ಟು ಹೊಯ್ದ ತಟ್ಟೆಗೆ ಮುಚ್ಚುತ್ತಾರೆ. ನಿಮಗೆ ಓಟಿಜಿ (ಸಣ್ಣ ವಿದ್ಯುತ್ ಓವನ್) ಇದ್ದರೆ ಮೇಲಿನ ಕಂಬಿ ಮಾತ್ರ ಹಾಕಿ, 230 ಡಿಗ್ರಿ ಇಡಿ.

ದೋಸೆ ಹಿಟ್ಟು ಬೇಡ. ಹುದುಗಿದ ಹಿಟ್ಟು ತೂತು ಬಿಟ್ಟು ಉಬ್ಬುತ್ತದೆ. ಆ ತೂತಿಗೆ ಬೆಣ್ಣೆ ಇಳಿದು ಪದರಗಳು ಅಂಟಿಕೊಳ್ಳುತ್ತವೆ. 10 ಅಂಗುಲದ ತಟ್ಟೆಗೆ ಮೈದಾ 500 ಗ್ರಾಂ, ನೀರು 750 ಮಿ.ಲೀ., ಉಪ್ಪು ಒಂದೂವರೆ ಚಮಚ. ಗಂಟಿಲ್ಲದಂತೆ ಕಲಸಿ ಅರ್ಧ ಗಂಟೆ ಬಿಡಿ. ಸವರಲು ಹಾಲಿನ ಕೆನೆ 200 ಗ್ರಾಂ, ಗಟ್ಟಿ ಮೊಸರು 100 ಗ್ರಾಂ, ಕರಗಿಸಿದ ಬೆಣ್ಣೆ 100 ಗ್ರಾಂ ಸೇರಿಸಿ ಕಲಸಿಡಿ. ನಮ್ಮೂರ ಹಸಿ ಬೆಣ್ಣೆ ರುಚಿಗೆ ಸೊಗಸು, ಆದರೆ ಅದರಲ್ಲಿ ಮಜ್ಜಿಗೆ ನೀರಿರುತ್ತದೆ. ಕರಗಿಸಿ, ಮೇಲಿನ ತಿಳಿಯನ್ನಷ್ಟೇ ಬಳಸಿ.

ಇನ್ನು ಹೊಯ್ಯುವ ಬಗೆ, ಇದೇ ಮುಖ್ಯ. ತಟ್ಟೆಗೆ ಬೆಣ್ಣೆ ಸವರಿ, ಸೂರ್ಯನ ಕಿರಣದಂತೆ ನಡುವಿನಿಂದ ಅಂಚಿಗೆ ಎಂಟು ಪಟ್ಟಿ ಎಳೆಯಿರಿ. ಪಟ್ಟಿ ಎಷ್ಟು ಅಗಲವೋ ನಡುವಿನ ಸಂದೂ ಅಷ್ಟೇ. ಎಂಟಕ್ಕೂ ಸೇರಿ 50 ಮಿ.ಲೀ. ಹಿಟ್ಟು ಸಾಕು. ನಾಲ್ಕೈದು ನಿಮಿಷದಲ್ಲಿ ಕಂದು ಚುಕ್ಕೆ ಬಂದಾಗ ಹೊರತೆಗೆದು ಪಟ್ಟಿಗೆ ಕೆನೆ ಮಿಶ್ರಣ ಸವರಿ, ಖಾಲಿ ಸಂದುಗಳಿಗೆ ಹಿಟ್ಟು ಹೊಯ್ದು ಮತ್ತೆ ಬೇಯಿಸಿ. ಹೀಗೆ ಒಮ್ಮೆ ಪಟ್ಟಿಯ ಮೇಲೆ, ಒಮ್ಮೆ ಸಂದಿನಲ್ಲಿ. ಹತ್ತು ಪದರಕ್ಕೆ ಒಂದೂವರೆ ಗಂಟೆಗೆ ಕಡಿಮೆಯಿಲ್ಲ. ಹಿಟ್ಟು ಹೊಳೆಯುತ್ತಿರುವಾಗಲೇ ಕೆನೆ ಸವರಿದರೆ ಎರಡೂ ಕಲಸಿ ಗಂಜಿಯಾಗುತ್ತದೆ. ನಿಮ್ಮ ಮುದ್ದೆಗೆ ಇದೂ ಕಾರಣವಿರಬಹುದು.

ಪ್ರಶ್ನೆ: ಓವನ್ ಇಲ್ಲ. ಒಲೆಯಲ್ಲಿ ಆದೀತೇ?
– ಓದುಗರು, ಹಿರಿಯೂರು

ಉತ್ತರ: ಖಂಡಿತ, ಮೂಲ ವಿಧಾನವೇ ಅದು. ತಟ್ಟೆಗಿಂತ ಅಗಲದ, ದಪ್ಪ ಕಬ್ಬಿಣದ ಮುಚ್ಚಳ ಬೇಕು. ಎರಡಿದ್ದರೆ ಒಂದು ಬೇಯಿಸುವಾಗ ಇನ್ನೊಂದು ಕಾಯುತ್ತದೆ. ಕೆಂಡದ ಮೇಲೆ ತೆಳುವಾಗಿ ಬೂದಿ ಹರಡಿ, ಶಾಖ ನಿಲ್ಲುತ್ತದೆ. ಮುಚ್ಚಳ ಎತ್ತುವಾಗ ಓರೆಯಾದರೆ ಬೂದಿ ತಟ್ಟೆಗೆ ಬೀಳುತ್ತದೆ. ಕೊಕ್ಕೆ ಹಾಕಿ ನೇರ ಎತ್ತಿ. ಕೆಂಡದ ಹೊಗೆ ಜೀವಕ್ಕೆ ಅಪಾಯ, ಅಂಗಳದಲ್ಲೇ ಮಾಡಿ. ಇಳಿಸಿದ ಮೇಲೆ ಹತ್ತು ನಿಮಿಷ ಬಟ್ಟೆ ಮುಚ್ಚಿಟ್ಟು ಕೊಯ್ಯಿರಿ. ಮೊಸರು ಅಥವಾ ಜೇನುತುಪ್ಪದೊಂದಿಗೆ ಬಿಸಿಬಿಸಿಯಾಗಿ ಬಡಿಸಿ.